ಅಟ್ಟ ಹತ್ತಿದ ಬೆಳಕಿನ ಸುರುಳಿ

ಅರಳಗುಪ್ಪೆಯ ಸಿದ್ದಗಂಗಮ್ಮ ತಪ್ಪು ಮಾಡಿದಳು ಅಂತ ಆ ಊರಿನಲ್ಲಿ ಯಾರೂ ಯಾವತ್ತೂ ಹೇಳಿದ್ದಿಲ್ಲ. ಅವಳು ತಪ್ಪೇ ಮಾಡಿರಲಿಲ್ಲ ಅಂತಲ್ಲ, ಹೇಳುವ ಧೈರ್ಯ ಯಾರಿಗಿತ್ತು? ಸಾರಿಗೆ ಉಪ್ಪು ಜಾಸ್ತಿಯಾದರೆ ಅದು ಅಂಗಡಿಯವನ ಉಪ್ಪಿನ ತಪ್ಪು. ಹಸು ಒದ್ದು ಹಾಲು ಚೆಲ್ಲಿದರೆ ಅದು ಮಲ್ಲೇಶನ ತಪ್ಪು. ಹಸುವಿಗೂ ಮಲ್ಲೇಶನಿಗೂ ಏನು ಸಂಬಂಧ ಅಂತ ಮಾತ್ರ ಕೇಳಬೇಡಿ. ಅವನು ಒಡಹುಟ್ಟಿದ ತಮ್ಮ, ಬೈಸಿಕೊಳ್ಳುವುದಕ್ಕೆ ಅಷ್ಟು ಅರ್ಹತೆ ಸಾಕು.

ಮಲ್ಲೇಶ ತುರುವೇಕೆರೆಯಲ್ಲಿ ಕೇಬಲ್ ಆಫೀಸು ಇಟ್ಟುಕೊಂಡಿದ್ದ. ಮೊದಲು ಟೀವಿ ಕೇಬಲ್ಲು, ಈಗ ಇಂಟರ್ನೆಟ್ಟು. ಅವನ ತಂತಿಗಳು ತೆಂಗಿನ ತೋಟಗಳ ಬದುವಿನ ಮೇಲೆ ಕಂಬದಿಂದ ಕಂಬಕ್ಕೆ ಜೋತಾಡುತ್ತಾ ಒಂದು ಕಡೆ ಮಾಯಸಂದ್ರಕ್ಕೂ ಇನ್ನೊಂದು ಕಡೆ ಅಕ್ಕನ ಮನೆಯವರೆಗೂ ಹೋಗಿದ್ದವು. ಸಿದ್ದಗಂಗಮ್ಮನ ಮಗಳು ಇಂಪನಾ ತುಮಕೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅವಳು ಕಟ್ಟಿದ ಯಂತ್ರವನ್ನು ಲ್ಯಾಬಿನ ಮೇಜಿನ ಮೇಲಲ್ಲ, ಬಿಸಿಲು ಮಳೆ ತಿಂದ ನಿಜವಾದ ಲೈನಿನ ಮೇಲೆ ಪರೀಕ್ಷಿಸಬೇಕಿತ್ತು. ಮಾಮನ ಲೈನು ಇರುವಾಗ ಬೇರೆ ಯಾರ ಕಾಲು ಹಿಡಿಯಬೇಕು? ಮಾಮನ ಆಫೀಸಿನಿಂದ ಬೆಳಕು ಕಳಿಸುವುದು, ಅರಳಗುಪ್ಪೆಯ ಮನೆಯ ಮುಂಗೋಣೆಯಲ್ಲಿ ಅದನ್ನು ಹಿಡಿಯುವುದು, ಹೀಗೆ ಏರ್ಪಾಡಾಯಿತು.

ಯಂತ್ರ ಬಂದ ದಿನ ಸಿದ್ದಗಂಗಮ್ಮ ಮೊರದಲ್ಲಿ ರಾಗಿ ಕೇರುತ್ತಾ ಕೂತು ಮಗಳನ್ನು ಕೇಳಿದ್ದಳು. "ಏನವ್ವ ಮಾಡ್ತೈತೆ ಇದು?"

"ಅಮ್ಮ, ಈ ಗಾಜಿನ ತಂತಿ ಒಳಗೆ ಬೆಳಕು ಬರುತ್ತಲ್ಲ, ಅದರಲ್ಲಿ ಎರಡು ಸಂಗತಿ ಇರುತ್ತೆ. ಎಷ್ಟು ಹೊಳೀತು ಅನ್ನೋದು ಒಂದು. ಆ ಕ್ಷಣದಲ್ಲಿ ಅದರ ಅಲೆ ಮೇಲಿತ್ತಾ ಕೆಳಗಿತ್ತಾ ಅನ್ನೋದು ಇನ್ನೊಂದು. ಅದಕ್ಕೆ ಫೇಸ್ ಅಂತೀವಿ. ಎರಡರಲ್ಲೂ ಸುದ್ದಿ ತುಂಬಿ ಕಳಿಸಿದ್ರೆ ಅದೇ ತಂತೀಲಿ ಎಷ್ಟೋ ಜಾಸ್ತಿ ಹೋಗುತ್ತೆ. ಆದ್ರೆ ಈ ಕಡೆ ಹಿಡಿಯೋ ಕಣ್ಣಿಗೆ ಹೊಳಪು ಮಾತ್ರ ಕಾಣೋದು."

"ಹಂಗಾದ್ರೆ ಅರ್ಧ ಸುದ್ದಿ ಮಣ್ಣುಪಾಲು."

"ಅದಕ್ಕೇ ದೊಡ್ಡ ಕಂಪನಿಯೋರು ಈ ಕಡೆನೂ ಒಂದು ಲೇಸರ್ ಇಟ್ಟು, ಅದರ ಜೊತೆ ಸೇರಿಸಿ ನೋಡ್ತಾರೆ. ಅದು ಮಾಮನಂಥೋರಿಗೆ ಎಟುಕಲ್ಲ. ನನ್ನ ಯಂತ್ರಕ್ಕೆ ಆ ಲೇಸರೇ ಬೇಡ. ಬಂದ ಬೆಳಕನ್ನ ಎರಡು ಪಾಲು ಮಾಡ್ತೀನಿ. ಒಂದರ ಹೊಳಪನ್ನ ಹಂಗೇ ಅಳೀತೀನಿ. ಇನ್ನೊಂದನ್ನ ಈ ಗಾಜಿನ ತಂತಿ ಸುರುಳಿ ಒಳಗೆ ಓಡಿಸಿ, ಹರಡಿಕೊಂಡ ಮೇಲೆ ಅಳೀತೀನಿ. ಆಮೇಲೆಲ್ಲ ಲೆಕ್ಕ. ಫೇಸ್ ಹಿಂಗಿರಬೋದು ಅಂತ ಊಹೆ ಮಾಡೋದು, ಆ ಊಹೆ ಎರಡನೇ ಅಳತೆಗೆ ಹೊಂದುತ್ತಾ ನೋಡೋದು, ಹೊಂದದಿದ್ರೆ ತಿದ್ದಿಕೊಂಡು ಮೊದಲನೇದಕ್ಕೆ ವಾಪಸ್ ಬರೋದು. ಎರಡೂ ಕಡೆ ಒಪ್ಪೋವರೆಗೂ ಓಡಾಡೋದು."

"ಗಂಡಿನ ಮನೆಗೂ ಹೆಣ್ಣಿನ ಮನೆಗೂ ಓಡಾಡೋ ಮಧ್ಯಸ್ಥಗಾರನ ಕೆಲಸ ಅನ್ನು. ಇವರ ಮಾತು ಅವರಿಗೆ ಹೇಳಿ, ಅವರ ಮಾತು ಇವರಿಗೆ ಹೇಳಿ, ಎರಡು ಮನೆಯೋರೂ ಒಂದು ಮಾತಿಗೆ ಬರೋಗಂಟ ಚಪ್ಪಲಿ ಸವೆಸೋದು."

ಇಂಪನಾ ಬಿದ್ದು ಬಿದ್ದು ನಕ್ಕಳು. "ಅದೇ ಕಣಮ್ಮ. ಆದ್ರೆ ಒಂದು ಮಾತು. ಸುರುಳಿ ಹೊಕ್ಕ ಪಾಲು ಎಷ್ಟು ತಡವಾಗಿ ಆಚೆ ಬರುತ್ತೆ ಅನ್ನೋದು ನಂಗೆ ಕರಾರುವಾಕ್ಕಾಗಿ ಗೊತ್ತಿರಬೇಕು. ಅದು ಚೂರು ಆಚೀಚೆ ಆದ್ರೂ..."

ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಸಿದ್ದಗಂಗಮ್ಮ ಎದ್ದು ಓಡಿದಳು. ಆ ಕೊನೆಯ ಮಾತು ಅವಳ ಕಿವಿಗೆ ಬೀಳಲೇ ಇಲ್ಲ.

ಇನ್ನು ನಡೆದದ್ದು ಕೇಳಿ. ಗೌರಿಹಬ್ಬ ಕಳೆದ ಹೊಸದು. ಹಗಲೆಲ್ಲ ಸುಡುವ ಬಿಸಿಲು, ಸಂಜೆಗೆ ಮಳೆ. ಒಂದು ದಿನ ಇಂಪನಾ ಏನೋ ಸಾಮಾನು ತರಲು ತುಮಕೂರಿಗೆ ಹೋಗಿದ್ದಾಗ ಸಿದ್ದಗಂಗಮ್ಮ ಮುಂಗೋಣೆ ಗುಡಿಸಲು ಬಂದಳು. ಮೂಲೆಯಲ್ಲಿ, ಬೆವರುತ್ತಿದ್ದ ಕಲ್ಲುನೆಲದ ಮೇಲೆ, ಸುರುಳಿಯ ಡಬ್ಬ ಕೂತಿತ್ತು. ಅದರ ಪಕ್ಕದ ಗೋಡೆಗುಂಟ ಗೆದ್ದಲಿನ ಗೆರೆ. ಅವಳ ಜೀವ ಚುರ್ ಅಂದಿತು. ಮಗಳು ಇಷ್ಟು ಕಷ್ಟಪಟ್ಟು ತಂದ ಸಾಮಾನನ್ನು ನೆಲದ ಮೇಲೆ ಇಡುವುದೇ? ಈ ಸೀಮೆಯಲ್ಲಿ ಕೆಡಬಾರದ ವಸ್ತುವಿಗೆಲ್ಲ ಒಂದೇ ಜಾಗ, ಅಟ್ಟ. ತೆಂಗಿನಕಾಯಿ ವರ್ಷಪೂರ್ತಿ ಅಟ್ಟದ ಮೇಲೆ ಬೆಚ್ಚಗೆ ಕೂತೇ ಕೊಬ್ಬರಿಯಾಗುವುದು. ಹುಣಸೆಹಣ್ಣೂ ಅಲ್ಲೇ, ಬಿತ್ತನೆ ರಾಗಿಯೂ ಅಲ್ಲೇ. ಸುರುಳಿಗೆ ಮಾತ್ರ ನೆಲ ಯಾಕೆ?

ಮುಂಗೋಣೆಯ ನೆತ್ತಿಯ ಮೇಲೇ ಅಟ್ಟವಿತ್ತು. ಸುರುಳಿಯ ಬಾಲದಂತಿದ್ದ ತಂತಿ ಬೇಕಾದಷ್ಟು ಉದ್ದವಿತ್ತು. ಅವಳು ಏನನ್ನೂ ಬಿಚ್ಚದೆ, ಕೀಳದೆ, ಡಬ್ಬದೊಳಗಿನ ಸುರುಳಿಯನ್ನಷ್ಟೇ ಎತ್ತಿ ಏಣಿ ಹತ್ತಿ, ಮೂಲೆಯ ಕಂಬದ ಮರೆಯಲ್ಲಿ ಹಲಗೆಯ ಸಂದಿನಿಂದ ತಂತಿ ಎಳೆದುಕೊಂಡು, ಕಾಯಿ ರಾಶಿಯ ಮೇಲೆ ಒಗೆದ ಪಂಚೆ ಹಾಸಿ ಕೂರಿಸಿದಳು. ಖಾಲಿ ಡಬ್ಬ ಕೋಣೆಗೆ ಲಕ್ಷಣವಾಗಿದೆ ಅಂತ ಅದನ್ನು ಅಲ್ಲೇ ಬಿಟ್ಟು ಮೇಲೊಂದು ಕಸೂತಿ ಬಟ್ಟೆ ಹೊದಿಸಿದಳು. ಸಂಜೆ ಮಗಳು ಬಂದಾಗ ಹೇಳಬೇಕು ಅಂತಲೇ ಇದ್ದಳು. ಅಷ್ಟರಲ್ಲಿ ಮಲ್ಲೇಶ ಬಂದ. ಅವನನ್ನು ಬೈಯುವ ಕೆಲಸದಲ್ಲಿ ಮರೆತೇಹೋಯಿತು.

ಅಟ್ಟದ ಮೇಲೆ ಇದ್ದದ್ದು ತಗಡಿನ ಸೂರು.

ಅಲ್ಲಿಂದ ಶುರುವಾಯಿತು ಗೋಳು. ಬೆಳಗಿನ ತಂಪಿನಲ್ಲಿ ಇಂಪನಾ ಎಲ್ಲ ಹೊಂದಿಸಿ ಕೂತರೆ ಯಂತ್ರ ಗಿಳಿಯ ಹಾಗೆ ಓದಿ ಒಪ್ಪಿಸುತ್ತಿತ್ತು. ಹೊತ್ತು ನೆತ್ತಿಗೆ ಬಂತೋ, ಲೆಕ್ಕ ಕೂಡುವುದೇ ನಿಂತುಹೋಗುತ್ತಿತ್ತು. ಬಂದದ್ದೆಲ್ಲ ಅಡ್ಡಾದಿಡ್ಡಿ. ಅವಳು ಊಟ ಬಿಟ್ಟಳು, ಮಾತು ಬಿಟ್ಟಳು, ತಲೆ ಬಾಚುವುದನ್ನೂ ಬಿಟ್ಟಳು. ಕೊನೆಗೆ ಅನುಮಾನ ಲೈನಿನ ಮೇಲೆ ಬಂತು. ಬಿಸಿಲಿಗೆ ತಂತಿ ಜೋತುಬಿದ್ದು ಎಲ್ಲೋ ಒಂದು ಜಾಯಿಂಟು ಕೈಕೊಡುತ್ತಿರಬೇಕು.

ಸಿದ್ದಗಂಗಮ್ಮನಿಗೆ ಅಷ್ಟು ಸಾಕಾಯಿತು. "ನಿನ್ ಜಾಯಿಂಟಿಗೆ ಬೆಂಕಿ ಬೀಳ. ನನ್ ಮಗಳ ಓದು ಹಾಳ್ಮಾಡೋಕೆ ಕಂಬ ನೆಟ್ಟಿದ್ಯೇನ್ಲಾ?" ಅಂತ ಬೀದಿಗೆ ಕೇಳುವಂತೆ ಬೆವರಿಳಿಸಿದಳು. ಮಲ್ಲೇಶ "ನನ್ ಲೈನು ಸರಿಗೈತೆ ಕಣಕ್ಕ" ಅಂತ ಒಂದು ಸಲ ಅಂದ. ಆಮೇಲೆ ಸುಮ್ಮನೆ ಏಣಿ ಹೊತ್ತುಕೊಂಡು ತೋಟ ತೋಟ ಅಲೆದು, ಮಳೆಯಲ್ಲಿ ನೆನೆದು, ಬಿಸಿಲಲ್ಲಿ ಒಣಗಿ, ಒಂದೊಂದೇ ಜಾಯಿಂಟು ಕತ್ತರಿಸಿ ಹೊಸದಾಗಿ ಹಾಕಿದ. ಏನೂ ಸರಿಹೋಗಲಿಲ್ಲ. ಸುದ್ದಿ ಮಾಯಸಂದ್ರದವರೆಗೂ ಹಬ್ಬಿತು. "ಏನ್ ಮಲ್ಲೇಶಣ್ಣ, ನಿಮ್ಮಕ್ಕನ ಮನೇಗೇ ಲೈನು ನೆಟ್ಟಗೆ ಎಳೆಯೋಕಾಗಲ್ವಂತೆ" ಅಂತ ಗಿರಾಕಿಗಳು ಕಾಲೆಳೆಯತೊಡಗಿದರು. ಕೆಲವರು ಬೇರೆ ಕನೆಕ್ಷನ್ ವಿಚಾರಿಸಿದರು ಅಂತಲೂ ಕೇಳಿಬಂತು. ಅವನು ಅದನ್ನೂ ಹೊಟ್ಟೆಗೆ ಹಾಕಿಕೊಂಡ.

ಶುಕ್ರವಾರ ಇಂಪನಾಳ ಗೈಡು ಸುಷ್ಮಿತಾ ಮೇಡಮ್ ಬಂದರು. ಮಾತು ಮೊದಲೇ ಆಗಿತ್ತು. ಆ ದಿನ ಸಂಜೆಯವರೆಗೆ ಯಂತ್ರ ತಪ್ಪಿಲ್ಲದೆ ನಡೆದರೆ ಪರೀಕ್ಷೆ ಇಲ್ಲೇ ಮುಂದುವರಿಯುವುದು. ಇಲ್ಲವಾದರೆ ಎರವಲು ತಂದ ಉಪಕರಣಗಳೆಲ್ಲ ಮೇಡಮ್ಮಿನ ಕಾರಿನಲ್ಲೇ ವಾಪಸು, ಬೇರೆಯವರ ಕೈಗೆ. ಲೇಸರಿಲ್ಲದ ಇಂಪನಾಳ ಯಂತ್ರ ಕಾಗದದ ಮೇಲೆ ಚೆಂದ, ತೋಟದ ಲೈನಿನ ಮೇಲೆ ಆಗದ ಕೆಲಸ ಅಂತ ತೀರ್ಮಾನವಾದ ಹಾಗೆ.

ಮಧ್ಯಾಹ್ನವಾಗುತ್ತಿದ್ದಂತೆ ಪರದೆಯ ಮೇಲೆ ತಪ್ಪುಗಳ ಸಂಖ್ಯೆ ಏರತೊಡಗಿತು. ಇಂಪನಾಳ ಮುಖ ಬಾಡಿತು. ಮಲ್ಲೇಶ ಬಾಗಿಲ ಬಳಿ ಕೈಕಟ್ಟಿ ನಿಂತು ನೆಲ ನೋಡುತ್ತಿದ್ದ. ಸಿದ್ದಗಂಗಮ್ಮ ಕಾಫಿಯ ತಟ್ಟೆ ಹಿಡಿದು ಒಳಗೆ ಬಂದವಳು ತಮ್ಮನನ್ನು ಕಣ್ಣಲ್ಲೇ ಸುಟ್ಟಳು.

"ಮಾಮನ ಲೈನೇ ಇರಬೇಕು ಮೇಡಮ್" ಅಂದಳು ಇಂಪನಾ.

ಸುಷ್ಮಿತಾ ಮೇಡಮ್ ತಲೆ ಅಲ್ಲಾಡಿಸಿದರು. "ಯೋಚನೆ ಮಾಡು ಇಂಪನಾ. ಲೈನು ಬಿಸಿಲಿಗೆ ಏನೇ ಆಗಲಿ, ಬೆಳಕು ಎರಡು ಪಾಲಾಗೋದು ಇಲ್ಲಿಗೆ ಬಂದ ಮೇಲೆ. ದಾರೀಲಿ ಆದ ತೊಂದರೆ ಎರಡು ಪಾಲಿಗೂ ಒಂದೇ. ಲೈನನ್ನ ದೂರೋ ಹಾಗಿಲ್ಲ. ಪಾಲಾದ ಮೇಲೆ ಏನೋ ಕೆಡ್ತಾ ಇದೆ. ಸುರುಳಿ ತಡ ಎಷ್ಟಿದೆ ಅಂತ ಪರದೆ ಮೇಲೆ ಗೆರೆ ಹಾಕಿ ತೋರಿಸು."

ಇಂಪನಾ ಗೆರೆ ಹಾಕಿದಳು. ಬೆಳಗಿನಿಂದ ಅದು ಗುಡ್ಡ ಹತ್ತಿದ ಹಾಗೆ ಏರುತ್ತಲೇ ಬಂದಿತ್ತು.

"ನೋಡು. ಸುರುಳಿ ಬಿಸಿಯಾಗ್ತಿದೆ. ಗಾಜು ಬಿಸಿಯಾದ್ರೆ ಬೆಳಕು ತಡವಾಗಿ ಆಚೆ ಬರುತ್ತೆ. ನೀನು ಬೆಳಗಿನ ಲೆಕ್ಕ ಹಿಡಿದು ಕೂತಿದ್ದೀಯ."

"ಆದ್ರೆ ಮೇಡಮ್, ಸುರುಳಿ ಇರೋದು ಮನೇಲೆಲ್ಲ ತಂಪಾದ ಜಾಗದಲ್ಲಿ. ಕಲ್ಲುನೆಲದ ಮೇಲೆ, ಆ ಮೂಲೇಲಿ" ಅಂತ ಇಂಪನಾ ಕಸೂತಿ ಬಟ್ಟೆ ಹೊದ್ದ ಡಬ್ಬವನ್ನು ತೋರಿಸಿದಳು.

ಸಿದ್ದಗಂಗಮ್ಮನಿಗೆ ಅಟ್ಟದ ಮೇಲಿನ ಸುರುಳಿ ಈಗ ನೆನಪಾಯಿತು. ಓದಿದ ಮೇಡಮ್ ಎದುರಿಗೆ, ಮಗಳ ಎದುರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಊರೆಲ್ಲ ಕೇಳುವ ಹಾಗೆ ತಾನು ಬೈದ ತಮ್ಮನ ಎದುರಿಗೆ, ಹೇಗೆ ಹೇಳುವುದು? ಯಾರಿಗೂ ತಿಳಿಯದ ಹಾಗೆ ಸುರುಳಿಯನ್ನು ತಣ್ಣಗೆ ಮಾಡಿಬಿಟ್ಟರೆ ಎಲ್ಲ ಸರಿಹೋದೀತು ಅನ್ನಿಸಿತು. ಕಾಫಿ ಇಟ್ಟವಳೇ ಹಿತ್ತಲಿಗೆ ಹೋಗಿ, ಟವೆಲ್ಲು ಒದ್ದೆ ಮಾಡಿ ಹಿಂಡಿ, ಗೋಡೆಗೆ ನೇತುಹಾಕಿದ್ದ ಮೊರ ತೆಗೆದುಕೊಂಡು ಹಿಂದಿನ ಏಣಿಯಿಂದ ಅಟ್ಟ ಹತ್ತಿದಳು.

ಅಟ್ಟದ ಮೇಲೆ ಕಾಲಿಟ್ಟರೆ ಕಾದ ಕಾವಲಿ. ತಗಡಿನ ಝಳಕ್ಕೆ ಕಣ್ಣು ಬಿಡಲಾಗುತ್ತಿರಲಿಲ್ಲ. ಅವಳು ಕಾಯಿಗಳ ಮಧ್ಯೆ ಚಕ್ಕಳಮಕ್ಕಳ ಹಾಕಿ ಕೂತು, ಸುರುಳಿಗೆ ಒದ್ದೆ ಟವೆಲ್ಲು ಸುತ್ತಿ, ಜ್ವರ ಬಂದ ಮಗುವಿಗೆ ಮಾಡುವಂತೆ ಮೊರದಲ್ಲಿ ಗಾಳಿ ಹಾಕತೊಡಗಿದಳು.

ಸ್ವಲ್ಪ ಹೊತ್ತಿಗೆ ಹಲಗೆಯ ಸಂದಿನಿಂದ ಇಂಪನಾಳ ದನಿ ಕೇಳಿತು. "ಮೇಡಮ್, ಗೆರೆ ಇಳೀತಾ ಇದೆ."

ಸಿದ್ದಗಂಗಮ್ಮನಿಗೆ ಹೋದ ಜೀವ ಬಂದಂತಾಯಿತು. ಇನ್ನೂ ಜೋರಾಗಿ ಬೀಸಿದಳು.

"ಈಗ ಇನ್ನೂ ಬೇಗ ಇಳೀತಿದೆ. ತಪ್ಪುಗಳು ಇನ್ನೂ ಜಾಸ್ತಿ ಆದ್ವು. ಸುರುಳಿ ಒಳಗಡೆ ಬಿಸಿ, ಹೊರಗಡೆ ತಂಪು ಇದ್ದಂಗಿದೆ."

ಅವಳು ಗಾಬರಿಯಾಗಿ ಮೊರ ಕೆಳಗಿಟ್ಟಳು.

"ಅರೆ, ಇಳಿಯೋದು ನಿಂತುಹೋಯ್ತು."

ಹಾಗಾದರೆ ನಿಲ್ಲಿಸಬಾರದೇನೋ ಅಂತ ಮತ್ತೆ ಬೀಸಿದಳು.

"ಮತ್ತೆ ಇಳೀತಿದೆ ಮೇಡಮ್."

ಸುಷ್ಮಿತಾ ಮೇಡಮ್ ಹೇಳುವುದು ಕೇಳಿಸಿತು. "ಇಂಪನಾ, ಇದು ಹವಾಮಾನ ಅಲ್ಲ. ಯಾರೋ ಸುರುಳಿಗೆ ಗಾಳಿ ಬೀಸ್ತಾ ಇದ್ದಾರೆ. ಆ ಡಬ್ಬ ತೆಗೆದು ನೋಡು."

ಸಿದ್ದಗಂಗಮ್ಮ ಕೂತಲ್ಲೇ ಕಲ್ಲಾದಳು. ಇಷ್ಟು ವರ್ಷ ಯಾರ ಕೈಗೂ ಸಿಕ್ಕಿಬೀಳದವಳನ್ನು ಒಂದು ಯಂತ್ರ ಕೆಳಗೆ ಕೂತುಕೊಂಡೇ ಹಿಡಿದುಹಾಕಿತ್ತು. ಕೆಳಗೆ ಡಬ್ಬ ತೆರೆದ ಸದ್ದು, "ಖಾಲಿ" ಅನ್ನುವ ಮಾತು, ತಂತಿ ಎತ್ತ ಹೋಗಿದೆ ನೋಡಿ ಮಾಮ ಅನ್ನುವ ಮಾತು. ಮರುಗಳಿಗೆಯಲ್ಲಿ ಏಣಿಯ ತುದಿಯಲ್ಲಿ ಮಲ್ಲೇಶನ ತಲೆ ಕಾಣಿಸಿತು.

ಅವನು ಅಕ್ಕನನ್ನು ನೋಡಿದ, ಒದ್ದೆ ಟವೆಲ್ಲು ನೋಡಿದ, ಮೊರ ನೋಡಿದ. ಎಲ್ಲ ಅರ್ಥವಾಯಿತು. ಅವನು ಈಗ ಏನು ಬೇಕಾದರೂ ಅನ್ನಬಹುದಿತ್ತು, ಅನ್ನಿಸಿಕೊಳ್ಳುವುದಕ್ಕೆ ಸಿದ್ದಗಂಗಮ್ಮ ಕಣ್ಣುಮುಚ್ಚಿ ಕಾದಳು. ಅವನು ಮೆಲ್ಲಗೆ ಅಂದ. "ಅಕ್ಕ, ನೀನು ಹಿತ್ಲು ಕಡೆಯಿಂದ ಇಳ್ಕೊಂಡು ಹೋಗ್ಬುಡು. ನಾನೇ ಎತ್ತಿಟ್ಟಿದ್ದೆ, ಮರೆತುಬುಟ್ಟೆ ಅಂತೀನಿ. ಹೆಂಗೂ ನನ್ ಮೇಲೈತೆ ಹೆಸ್ರು, ಇನ್ನೊಂದು ಸೇರಿದ್ರೆ ಏನಾಯ್ತದೆ?"

ಸಿದ್ದಗಂಗಮ್ಮ ತಮ್ಮನನ್ನೇ ನೋಡಿದಳು. ಬಿಸಿಲಿಗೆ ಸುಟ್ಟು ಕಪ್ಪಾದ ಮುಖ. ಕಂಬ ಹತ್ತಿ ಹತ್ತಿ ತರಚಿಹೋದ ಮೊಣಕೈ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವನ ಮೇಲೆ ಪ್ರೀತಿ ಉಕ್ಕಿಬಂತು. ಆಸೆಯೂ ಆಯಿತು, ಸುಳ್ಳೇಕೆ? ಹಿತ್ತಲ ಏಣಿ ಕೈಗೆಟಕುವಷ್ಟು ಹತ್ತಿರವಿತ್ತು.

"ಸರ್ಕೊಳ್ಳೋ ಅತ್ಲಾಗೆ" ಅಂದಳು. "ಮುಂದಿನ ಏಣಿಲೇ ಇಳೀತೀನಿ."

ತಲೆಯ ಮೇಲೆ ಜೇಡರ ಬಲೆ, ಕೈಯಲ್ಲಿ ಮೊರ, ಮೈಯೆಲ್ಲ ಬೆವರು. ಹಾಗೇ ಮುಂಗೋಣೆಗೆ ಬಂದು ಮೇಡಮ್ಮಿನ ಎದುರಿಗೆ ನಿಂತಳು. "ಸುರುಳಿ ಎತ್ತಿ ಅಟ್ಟದ ಮೇಲಿಟ್ಟೋಳು ನಾನು ಕಣವ್ವ. ನೆಲ ಥಂಡಿ ಹೊಡೀತಿತ್ತು, ಗೆದ್ಲು ಹತ್ತಿತ್ತು. ಕೊಬ್ಬರಿ ಥರ ಬೆಚ್ಚಗಿರ್ಲಿ ಅಂತ ಇಟ್ಟೆ. ಹೇಳೋದು ಮರೆತೆ. ನನ್ ತಮ್ಮನ್ನ ಸುಮ್ನೆ ಬೈದೆ. ಅವನ ಜಾಯಿಂಟು ಸರಿಗೇ ಇದ್ವು. ಕೆಡಿಸಿದ್ದು ನಾನು."

ಮಲ್ಲೇಶ ಏಣಿಯ ಅರ್ಧದಲ್ಲೇ ನಿಂತುಬಿಟ್ಟ. ಇಂಪನಾಳ ಕಣ್ಣಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ. ಎಷ್ಟು ದಿನ ಅನ್ನ ನೀರು ಬಿಟ್ಟು ಒದ್ದಾಡಿದ್ದಳು. ಅವಳು ಏನೋ ಹೇಳಹೋದವಳು ಅಮ್ಮನ ತಲೆಯ ಮೇಲಿನ ಜೇಡರ ಬಲೆ ನೋಡಿ, ಮೊರ ನೋಡಿ, ತುಟಿ ಕಚ್ಚಿಕೊಂಡಳು. ಪ್ರಯೋಜನವಾಗಲಿಲ್ಲ. ಮೊದಲು ಕಿಸಕ್ಕೆಂದವರು ಸುಷ್ಮಿತಾ ಮೇಡಮ್, ಆಮೇಲೆ ಇಂಪನಾ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಈಗ ಕೆಳಗಿಳಿಸಿದ್ರೆ ಸುರುಳಿ ತಣ್ಣಗಾಗೋಷ್ಟರಲ್ಲಿ ಸಂಜೆ ಆಗುತ್ತೆ. ಇವತ್ತಿನ ಪರೀಕ್ಷೆ ಮುಗಿದ ಹಾಗೇ" ಅಂದರು ಮೇಡಮ್, ನಗು ತಡೆದುಕೊಂಡು. "ಏನು ಮಾಡ್ತೀಯ?"

ಇಂಪನಾ ಪರದೆಯ ಗೆರೆಯನ್ನೇ ನೋಡುತ್ತಾ ಕೂತಳು. ನಿಧಾನವಾಗಿ ಅವಳ ಬೆನ್ನು ನೆಟ್ಟಗಾಯಿತು. "ಇಳಿಸಲ್ಲ ಮೇಡಮ್. ನಾಳೆ ಈ ಯಂತ್ರ ಯಾರ್ಯಾರ ಮನೇಲೋ ಕೂತಿರುತ್ತೆ. ಯಾರೂ ಇದಕ್ಕೆ ತಂಪು ಕೋಣೆ ಕಟ್ಟಿಸಲ್ಲ. ಅಮ್ಮನಂಥೋರು ಎತ್ತಿ ಎಲ್ಲಿ ಬೇಕಾದ್ರೂ ಇಡ್ತಾರೆ. ಬೆಳಗ್ಗೆ ಒಂದ್ಸಲ ತಡ ಲೆಕ್ಕ ಹಾಕಿ ಸುಮ್ಮನಿರೋದೇ ತಪ್ಪು. ಹೊತ್ತು ಹೊತ್ತಿಗೂ ಯಂತ್ರಾನೇ ತಡ ಹೊಸದಾಗಿ ಕಂಡುಕೊಳ್ಳೋ ಹಂಗೆ ಮಾಡ್ತೀನಿ. ಸುರುಳಿ ಅಲ್ಲೇ ಇರಲಿ."

"ಆಗುತ್ತಾ?"

"ಮಾಡ್ತೀನಿ."

ಅವಳು ಕೂತು ಬರೆದಳು. ಸಿದ್ದಗಂಗಮ್ಮ ಗೋಡೆಗೊರಗಿ ನಿಂತಳು, ಕೂರು ಅಂದರೂ ಕೂರಲಿಲ್ಲ. ಬಿಸಿಲು ಇನ್ನೂ ಜೋರಾಗಿಯೇ ಇದ್ದಾಗ ಇಂಪನಾ ಯಂತ್ರವನ್ನು ಮತ್ತೆ ಓಡಿಸಿದಳು. ತಡದ ಗೆರೆ ಏರಿತು, ತಪ್ಪುಗಳು ಮಾತ್ರ ತಳದಲ್ಲೇ ಮಲಗಿದ್ದವು. ತುರುವೇಕೆರೆಯಿಂದ ಹೊರಟ ಬೆಳಕು ತೋಟಗಳ ಮೇಲೆ ಹಾಯ್ದು, ಕೊಬ್ಬರಿಯ ಅಟ್ಟ ಸುತ್ತಿ ಇಳಿದು, ತಾನು ಹೊತ್ತು ತಂದದ್ದನ್ನೆಲ್ಲ ಒಪ್ಪಿಸುತ್ತಿತ್ತು.

ಆಗ ಮೋಡ ಕವಿಯಿತು. ತಗಡಿನ ಮೇಲೆ ಟಪಟಪ ಅಂತ ನಾಲ್ಕು ಹನಿ ಬಿದ್ದವು, ಹಿಂದೆಯೇ ಧೋ ಅಂತ ಮಳೆ. ಕಾದ ಸೂರು ಒಂದೇ ಸಲಕ್ಕೆ ತಣ್ಣಗಾಯಿತು. ಗೆರೆ ಧಡಾರನೆ ಕೆಳಗೆ ಬಾಗಿತು. ಸಿದ್ದಗಂಗಮ್ಮ ಮಲ್ಲೇಶನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಮಳೆಯ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಎಲ್ಲರೂ ಆ ಒಂದು ಸಂಖ್ಯೆಯನ್ನೇ ನೋಡುತ್ತಿದ್ದರು. ಅದು ಕೊಂಚ ಮಿಸುಕಿತು, ಮತ್ತೆ ತಳಕ್ಕೆ ಇಳಿದು ಅಲ್ಲೇ ಕೂತಿತು. ಮಳೆ ನಿಲ್ಲುವವರೆಗೂ ಏಳಲಿಲ್ಲ.

ಸುಷ್ಮಿತಾ ಮೇಡಮ್ ಕುರ್ಚಿಯಿಂದ ಎದ್ದು ಇಂಪನಾಳ ಬೆನ್ನು ತಟ್ಟಿದರು. "ಉಪಕರಣ ಎಲ್ಲ ಇಲ್ಲೇ ಇರಲಿ. ಮುಂದಿನ ಬೇಸಿಗೆ ಕಳೆಯೋವರೆಗೂ ನಡೆಸು. ಇದಕ್ಕಿಂತ ಕಠಿಣವಾದ ಜಾಗ ನಮಗೆ ತುಮಕೂರಲ್ಲಿ ಸಿಗಲ್ಲ."

ಇಂಪನಾ ಓಡಿಬಂದು ಅಮ್ಮನನ್ನು ತಬ್ಬಿಕೊಂಡಳು. ಬೆವರು, ಜೇಡರ ಬಲೆ ಏನೂ ನೋಡಲಿಲ್ಲ. ಸಿದ್ದಗಂಗಮ್ಮನಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಜನ್ಮದಲ್ಲಿ ಅಷ್ಟು ಸಂತೋಷವಾಗಿದ್ದು ಅವಳಿಗೆ ನೆನಪಿರಲಿಲ್ಲ.

ಮಲ್ಲೇಶನಾದರೋ ಇಷ್ಟಕ್ಕೇ ಬಿಡುವ ಆಸಾಮಿಯಲ್ಲ. ಆಗಲೇ ಜಗುಲಿಯ ಮೇಲೆ ಕೂತು ಮಾಯಸಂದ್ರದ ಗಿರಾಕಿ ಸದಾಶಿವಯ್ಯನಿಗೆ ಫೋನು ಹಚ್ಚಿದ್ದ. "ಒಂದ್ನಿಮಿಷ ಇರಿ ಸ್ವಾಮಿ, ನಮ್ಮಕ್ಕ ಏನೋ ಹೇಳ್ತಾಳಂತೆ" ಅಂದವನೇ ಫೋನನ್ನು ಅಕ್ಕನ ಮುಂದೆ ಹಿಡಿದ. ಅವಳು ಅವನನ್ನು ದುರುಗುಟ್ಟಿ ನೋಡಿದಳು. ಅವನು ಹಲ್ಲು ಕಿರಿದು ಫೋನನ್ನು ಇನ್ನೂ ಹತ್ತಿರ ತಂದ.

"ನಮ್ ಮಲ್ಲೇಶನ ಲೈನು ಸರಿಗೈತೆ ಕಣ್ರೀ" ಅಂದಳು ಗಂಟಲು ಸರಿಮಾಡಿಕೊಂಡು. "ಕೆಡಿಸಿದ್ದು ನಾನು."

ಅವನು ಇನ್ನೊಂದು ನಂಬರು ಒತ್ತಿದ. ಆಮೇಲೆ ಮತ್ತೊಂದು. ಮೊದಮೊದಲು ಸಿದ್ದಗಂಗಮ್ಮ ತಲೆ ತಗ್ಗಿಸಿಕೊಂಡೇ ಹೇಳಿದಳು. ಹೇಳುತ್ತಾ ಹೇಳುತ್ತಾ ಅಟ್ಟವೂ ಬಂತು, ಒದ್ದೆ ಟವೆಲ್ಲೂ ಬಂತು, ಯಂತ್ರ ತನ್ನ ಮೇಲೆ ಚಾಡಿ ಹೇಳಿದ್ದೂ ಬಂತು. ಆ ಕಡೆಯವರು ನಕ್ಕರೆ ಈ ಕಡೆ ಅವಳು ಅವರಿಗಿಂತ ಜೋರಾಗಿ ನಗುತ್ತಿದ್ದಳು. ಸಂಪಿಗೆ ಊರಿನ ಲಕ್ಷ್ಮಿದೇವಮ್ಮನ ಸರದಿ ಬರುವ ಹೊತ್ತಿಗೆ ಮಲ್ಲೇಶನಿಗೇ ಸಾಕಾಗಿತ್ತು.

"ಸಾಕು ಬುಡಕ್ಕ, ಎಲ್ರಿಗೂ ಗೊತ್ತಾಯ್ತು" ಅಂತ ಅವನು ಫೋನಿಗೆ ಕೈಚಾಚಿದ.

ಸಿದ್ದಗಂಗಮ್ಮ ಕೊಡಲಿಲ್ಲ. "ತಡಿಯೋ, ಎಷ್ಟು ಜನದ ಮುಂದೆ ಬೈದಿದ್ದೆ, ಅಷ್ಟು ಜನಕ್ಕಾದ್ರೂ ಹೇಳ್ಬೇಕಲ್ಲ" ಅಂದು, ಮುಂದಿನ ಹೆಸರು ಯಾವುದು ಅಂತ ತಾನೇ ಹುಡುಕತೊಡಗಿದಳು.